ಕುಡಿಯದ ದಿನದ ಲೆಕ್ಕ

ನವೆಂಬರ್ ಮಧ್ಯದಲ್ಲಿ ಶಬರಿಮಲೆಯ ಮಂಡಲ ಕಾಲ ಶುರುವಾಯಿತೆಂದರೆ ನಮ್ಮ ಊರುಗಳ ಬಾರುಗಳಲ್ಲಿ ಕೆಲವು ಕುರ್ಚಿಗಳು ಖಾಲಿಯಾಗುತ್ತವೆ. ನಿನ್ನೆಯವರೆಗೆ ಸಂಜೆ ಏಳರ ಹಾಜರಿ ತಪ್ಪಿಸದಿದ್ದ ಮನುಷ್ಯ ಕೊರಳಿಗೆ ಮಾಲೆ ಹಾಕಿ, ಕಪ್ಪು ಪಂಚೆ ಉಟ್ಟು, ನಸುಕಿನಲ್ಲಿ ತಣ್ಣೀರು ಮಿಂದು ಭಜನೆಗೆ ಕೂರುತ್ತಾನೆ. 41 ದಿನ ಒಂದು ಹನಿ ಮುಟ್ಟುವುದಿಲ್ಲ. ಹೆಂಡತಿಯ ಕಣ್ಣೀರಿಗೆ, ಡಾಕ್ಟರ ಎಚ್ಚರಿಕೆಗೆ ಬಗ್ಗದವನು ಇಲ್ಲಿ ಬಗ್ಗಿರುತ್ತಾನೆ. ಯಾತ್ರೆ ಮುಗಿಸಿ ಮಾಲೆ ತೆಗೆದ ಮೇಲೆ ಕೆಲವರು ಹಾಗೇ ಉಳಿದುಕೊಳ್ಳುತ್ತಾರೆ. ಎಷ್ಟೋ ಜನ ಅದೇ ವಾರ ಅದೇ ಕುರ್ಚಿಗೆ ಮರಳುತ್ತಾರೆ.

ಊರು ಇದಕ್ಕೆ ಎರಡು ಕಾರಣ ಹೇಳುತ್ತದೆ. ಬಿಟ್ಟಾಗ ‘ದೇವರ ಭಯ’, ಮತ್ತೆ ಹಿಡಿದಾಗ ‘ಮನಸ್ಸು ಗಟ್ಟಿಯಿಲ್ಲ’. ವರ್ತನಾ ವಿಶ್ಲೇಷಣೆಯನ್ನು ಅಭ್ಯಾಸ ಮಾಡಿದವರು ಈ ಎರಡನ್ನೂ ಪಕ್ಕಕ್ಕಿಟ್ಟು ಬೇರೆಯೇ ಪ್ರಶ್ನೆ ಕೇಳುತ್ತಾರೆ: ಆ 41 ದಿನ ಅವನ ಸುತ್ತಮುತ್ತ ಏನೇನು ಬದಲಾಗಿತ್ತು? ಉಡುಪು ಬದಲಾಗಿತ್ತು, ಆ ಉಡುಪಿನಲ್ಲಿ ಬಾರಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಸಂಜೆಯ ಹೊತ್ತು ಬದಲಾಗಿತ್ತು; ಆಗ ಪೂಜೆ, ಭಜನೆ. ಜೊತೆಗಾರರು ಬದಲಾಗಿದ್ದರು, ಜೊತೆಯಲ್ಲಿದ್ದವರಾರೂ ಕುಡಿಯುತ್ತಿರಲಿಲ್ಲ. ಕರೆಯುವ ರೀತಿ ಕೂಡ ಬದಲಾಗಿತ್ತು. ಮನೆಯವರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರ ಬಾಯಲ್ಲೂ ‘ಸ್ವಾಮಿ’. ಕುಡಿಯದೇ ಕಳೆದ ದಿನಕ್ಕೆ ಅದೇ ದಿನ ಗೌರವ ಸಿಗುತ್ತಿತ್ತು. ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೇ ನಿಂತವು. ಮನಸ್ಸು ಅದೇ, ಭಕ್ತಿಯೂ ಅದೇ. ಕಳಚಿದ್ದು ಸುತ್ತಲಿನ ಏರ್ಪಾಟು.

ಈ ಏರ್ಪಾಟನ್ನೇ ಚಿಕಿತ್ಸೆಯನ್ನಾಗಿ ಕಟ್ಟಲು ಸಾಧ್ಯವೇ ಎಂದು ಕೆಲವು ಮನೋವಿಜ್ಞಾನಿಗಳು 50 ವರ್ಷಗಳಿಂದ ಪ್ರಯೋಗ ಮಾಡುತ್ತ ಬಂದಿದ್ದಾರೆ. ಅವರು ಕಂಡುಕೊಂಡದ್ದನ್ನು ಚಿಕ್ಕದಾಗಿ ಹೀಗೆ ಹೇಳಬಹುದು: ಕುಡಿದ ದಿನ ಮನೆ, ಬೀದಿ, ಪೊಲೀಸ್ ಠಾಣೆ ಎಲ್ಲವೂ ಆ ಮನುಷ್ಯನತ್ತ ತಿರುಗುತ್ತವೆ, ಕುಡಿಯದ ದಿನ ಯಾರೂ ತಿರುಗಿ ನೋಡುವುದಿಲ್ಲ. ಚಿಕಿತ್ಸೆಯ ಕೆಲಸವಿರುವುದು ಆ ಎರಡನೆಯ ದಿನದಲ್ಲಿ.

ಶನಿವಾರದ ಹಾಳೆ

ಒಂದು ಕೆಲಸ ಮಾಡಿದ ಕೂಡಲೇ ಹಿತವಾದದ್ದು ಸಿಕ್ಕರೆ ಆ ಕೆಲಸ ಮರುಕಳಿಸುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯೊಳಗೆ ಕೂಡಿಹಾಕಿದ ಬೆಕ್ಕುಗಳ ಮೇಲೆ ತೋರಿಸಿದ್ದರು. ಬಿ.ಎಫ್. ಸ್ಕಿನ್ನರ್ 1938ರ ತಮ್ಮ ಪುಸ್ತಕದಲ್ಲಿ ಅದನ್ನು ವ್ಯವಸ್ಥಿತ ಶಾಸ್ತ್ರವಾಗಿ ಬೆಳೆಸಿದರು. ಪಠ್ಯಪುಸ್ತಕಗಳು ಪುನರ್ಬಲನ ಎನ್ನುವುದು ಇದನ್ನೇ. ಮದ್ಯ, ಹೆರಾಯಿನ್, ಕೊಕೇನ್, ತಂಬಾಕು ಇವೆಲ್ಲ ಬಲು ಜೋರಾದ ಪುನರ್ಬಲಕಗಳು: ಫಲ ಕ್ಷಣದಲ್ಲಿ ಸಿಗುತ್ತದೆ, ಪ್ರತಿ ಸಲವೂ ಸಿಗುತ್ತದೆ, ಅದಕ್ಕಾಗಿ ಯಾರ ಮರ್ಜಿಯನ್ನೂ ಕಾಯಬೇಕಿಲ್ಲ.

ವರ್ತನಾ ವಿಶ್ಲೇಷಣೆಯ ಚಿಕಿತ್ಸಕರು ಮೊದಲು ಮಾಡುವ ಕೆಲಸ ಉಪದೇಶವಲ್ಲ, ಬರವಣಿಗೆ. ಒಂದು ಹಾಳೆಯಲ್ಲಿ ಮೂರು ಕಲಂ: ಮೊದಲು ಏನಿತ್ತು, ಏನು ಮಾಡಿದ, ಆಮೇಲೆ ಏನಾಯಿತು. ಉದಾಹರಣೆಗೆ ಒಬ್ಬ ಗಾರೆ ಮೇಸ್ತ್ರಿಯನ್ನು ಕಲ್ಪಿಸಿಕೊಳ್ಳಿ. ‘ಯಾಕೆ ಕುಡೀತೀಯಪ್ಪ?’ ಎಂದರೆ ‘ಟೆನ್ಷನ್ ಸಾರ್’ ಎನ್ನುತ್ತಾನೆ. ಆ ಉತ್ತರದಿಂದ ಏನೂ ಗಿಟ್ಟುವುದಿಲ್ಲ. ‘ಹೋದ ಶನಿವಾರ ಎಷ್ಟು ಗಂಟೆಗೆ ಕೆಲಸ ಬಿಟ್ಟೆ? ಕೈಯಲ್ಲಿ ಎಷ್ಟು ದುಡ್ಡಿತ್ತು? ಯಾರ ಗಾಡಿ ಹತ್ತಿದೆ?’ ಎಂದು ಕೇಳುತ್ತ ಹೋದರೆ ಚಿತ್ರ ಮೂಡುತ್ತದೆ. ಐದೂವರೆಗೆ ಬಟವಾಡೆ. ವಾರದ ಸಂಬಳವೆಲ್ಲ ನಗದು, ಅಂಗಿ ಜೇಬಿನಲ್ಲಿ. ಮೈಕೈ ನೋವು. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಇಲ್ಲ. ಸೆಂಟ್ರಿಂಗ್ ಕೆಲಸದವನ ಬೈಕಿನಲ್ಲಿ ಮನೆ ಕಡೆ, ದಾರಿಯಲ್ಲೇ ಬಾರು. ‘ಬರೀ ಒಂದು ನೈಂಟಿ’ ಎಂಬ ಮಾತು. ಇದು ಮೊದಲ ಕಲಂ. ಎರಡನೆಯದರಲ್ಲಿ ಒಂದು ನೈಂಟಿ ಹೋಗಿ ಎರಡು ಕ್ವಾರ್ಟರ್ ಆಗಿರುತ್ತದೆ. ಮೂರನೆಯ ಕಲಮನ್ನು ಚಿಕಿತ್ಸಕರು ಎರಡು ಭಾಗ ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಆದದ್ದು: ನೋವು ಇಳಿಯಿತು, ನಗು ಬಂತು, ನಾಲ್ಕು ಜನ ‘ಅಣ್ಣ’ ಎಂದರು, ಮನೆಯ ಸಾಲದ ಮಾತು ಮರೆತುಹೋಯಿತು. ಆಮೇಲೆ ಆದದ್ದು: ಜಗಳ, ಭಾನುವಾರದ ತಲೆನೋವು, ಸೋಮವಾರದ ಕೆಲಸ ಖೋತಾ, ವರ್ಷಗಳ ನಂತರ ಲಿವರ್.

ಹಾಳೆ ತುಂಬಿದ ಮೇಲೆ ದಾರಿಗಳು ಕಾಣಿಸುತ್ತವೆ. ಸಂಬಳ ನಗದಾಗಿ ಬಾರದೆ ಹೆಂಡತಿಯ ಖಾತೆಗೆ ಹೋದರೆ? ನಾಲ್ಕೂವರೆಗೆ ಟೀ ಜೊತೆ ಹೊಟ್ಟೆಗೆ ಒಂದಿಷ್ಟು ಬಿದ್ದರೆ? ಬೈಕಿನ ಬದಲು ಬಸ್ಸು ಹಿಡಿದರೆ? ಗೆಳೆಯ ಕರೆದಾಗ ಹೇಳಬೇಕಾದ ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರೆ? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೊನೆಯದು: ಆ ಹತ್ತು ನಿಮಿಷದಲ್ಲಿ ಸಿಗುತ್ತಿದ್ದ ನಗು, ಗೆಳೆತನ, ನೋವಿನಿಂದ ಬಿಡುಗಡೆ ಇನ್ನೆಲ್ಲಿ ಸಿಗಬೇಕು?

ಬೆದರಿಕೆಗೆ ಬಗ್ಗದಿರುವುದಕ್ಕೂ ಕಾರಣ ಆ ಮೂರನೆಯ ಕಲಮಿನಲ್ಲೇ ಇದೆ. ಸುಖ ಹತ್ತಿರದಲ್ಲಿದೆ ಮತ್ತು ಖಚಿತ; ಶಿಕ್ಷೆ ದೂರದಲ್ಲಿದೆ ಮತ್ತು ಅನುಮಾನದ್ದು. ದೂರದ ಫಲದ ಬೆಲೆ ಎಲ್ಲರ ಮನಸ್ಸಿನಲ್ಲೂ ಕುಸಿಯುತ್ತದೆ; ವ್ಯಸನಿಗಳಲ್ಲಿ ಇನ್ನೂ ಕಡಿದಾಗಿ ಕುಸಿಯುತ್ತದೆ ಎಂದು ವಾರೆನ್ ಬಿಕೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಳೆದು ತೋರಿಸಿದರು. ‘ಹತ್ತು ವರ್ಷದಲ್ಲಿ ಸಾಯ್ತೀಯ’ ಎಂಬ ಮಾತು ಸುಳ್ಳಲ್ಲ. ಸಂಜೆ ಆರೂಕಾಲಿಗೆ ಅದಕ್ಕೆ ತೂಕವಿಲ್ಲ, ಅಷ್ಟೇ.

ಹಳೆಯ ಹೆಂಡದಂಗಡಿಯಲ್ಲಿ ಹೊಸ ಕ್ಲಬ್ಬು

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣಕ್ಕೆ ಆನಾ ಎಂಬ ಸಣ್ಣ ಊರಿದೆ. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಜಾರ್ಜ್ ಹಂಟ್ ಮತ್ತು ನೇಥನ್ ಆಜ್ರಿನ್ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಕುಡಿತದಿಂದ ಆಸ್ಪತ್ರೆ ಸೇರಿದ್ದ 16 ಮಂದಿ. ಎಂಟು ಜನರಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ. ಇನ್ನೆಂಟು ಜನರಿಗೆ ಅದರ ಜೊತೆಗೆ ಬೇರೊಂದು ಕಾರ್ಯಕ್ರಮ: ಕೆಲಸ ಹುಡುಕಿಕೊಡುವುದು, ಗಂಡ ಹೆಂಡತಿಯ ನಡುವೆ ಕೂತು ಮಾತಾಡಿಸುವುದು, ಸಂಸಾರವಿಲ್ಲದವರಿಗೆ ಹೋಗಿ ಬರಲು ಒಂದು ಮನೆ ಗೊತ್ತು ಮಾಡುವುದು, ಮನೆಗೆ ಪತ್ರಿಕೆ, ಟೆಲಿಫೋನ್ ಹಾಕಿಸುವುದು. ಊರಿನ ಹಳೆಯ ಹೆಂಡದಂಗಡಿಯೊಂದನ್ನು ಹಿಡಿದು ಅದನ್ನೇ ಕ್ಲಬ್ಬು ಮಾಡಿದರು. ವಾರಾಂತ್ಯದಲ್ಲಿ ಇಸ್ಪೀಟು, ಸಂಗೀತ, ಕುಣಿತ, ಊಟ ಎಲ್ಲ ಇತ್ತು. ಮದ್ಯ ಮಾತ್ರ ಇರಲಿಲ್ಲ. ಕುಡಿದು ಬಂದವನಿಗೆ ಆ ದಿನ ಪ್ರವೇಶವಿಲ್ಲ.

ಇದರಲ್ಲಿ ಔಷಧವೂ ಇಲ್ಲ, ಮನಸ್ಸಿನ ಆಳ ಕೆದಕುವ ವಿಶ್ಲೇಷಣೆಯೂ ಇಲ್ಲ. ಕುಡಿಯದ ಬದುಕನ್ನು ಕುಡಿಯುವ ಬದುಕಿಗಿಂತ ರುಚಿಯಾಗಿಸುವುದು, ಕುಡಿದರೆ ಆ ರುಚಿ ತಕ್ಷಣ ತಪ್ಪಿಹೋಗುವಂತೆ ಮಾಡುವುದು, ಇಷ್ಟೇ ತಂತ್ರ. ಆರು ತಿಂಗಳು ಗಮನಿಸಿದಾಗ ಮಾಮೂಲಿ ಚಿಕಿತ್ಸೆಯವರು ತಮ್ಮ ದಿನಗಳಲ್ಲಿ ಶೇ 79ರಷ್ಟನ್ನು ಕುಡಿತದಲ್ಲೇ ಕಳೆದಿದ್ದರು. ಹೊಸ ಕಾರ್ಯಕ್ರಮದ ಗುಂಪಿನವರು ಶೇ 14ರಷ್ಟನ್ನು. ಹದಿನಾರೇ ಜನರ ಸಣ್ಣ ಅಧ್ಯಯನವಾದರೂ ವ್ಯತ್ಯಾಸ ಸಣ್ಣದಾಗಿರಲಿಲ್ಲ.

ಪರಿಸರದ ಬಲಕ್ಕೆ ಅದೇ ಕಾಲದ ಇನ್ನೊಂದು ಸಾಕ್ಷಿ ಯುದ್ಧಭೂಮಿಯಿಂದ ಬಂತು. ವಿಯೆಟ್ನಾಮಿನಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬ ಹೆರಾಯಿನ್‌ನಂತಹ ಮಾದಕಕ್ಕೆ ದಾಸನಾಗಿದ್ದ. ಊರಿಗೆ ಮರಳಿದ ಅವರನ್ನು ಸಂಶೋಧಕಿ ಲೀ ರಾಬಿನ್ಸ್ ಹಿಂಬಾಲಿಸಿದಾಗ, ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಮೂರು ವರ್ಷದೊಳಗೆ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 12ರಷ್ಟು ಮಾತ್ರ. ಮಾದಕ ಸುಲಭವಾಗಿ ಸಿಗುತ್ತಿದ್ದ ಜಾಗ, ಭಯ, ಬೇಸರ, ಜೊತೆಗಾರರು ಎಲ್ಲ ಹಿಂದೆ ಉಳಿದಿದ್ದವು. ನಮ್ಮ ಡೀ-ಅಡಿಕ್ಷನ್ ಸೆಂಟರುಗಳಲ್ಲಿ ಆಗುವುದು ಇದರ ತಿರುವುಮುರುವು. ತಿಂಗಳುಗಟ್ಟಲೆ ಬೇರೆಡೆ ಇಟ್ಟು, ಮೈಯನ್ನು ಶುದ್ಧ ಮಾಡಿ, ಅದೇ ಓಣಿಗೆ, ಅದೇ ಸಾಲಕ್ಕೆ, ಅದೇ ಗೆಳೆಯರ ನಡುವೆ ತಂದು ಬಿಡುತ್ತೇವೆ. ಮತ್ತೆ ಕುಡಿದರೆ ‘ದುಡ್ಡು ದಂಡವಾಯಿತು’ ಎನ್ನುತ್ತೇವೆ.

ಎರಡೂವರೆ ಡಾಲರಿನಿಂದ ಶುರು

1990ರ ಸುಮಾರಿಗೆ ಅಮೆರಿಕದಲ್ಲಿ ಕೊಕೇನ್ ಹಾವಳಿ ಜೋರಾಗಿತ್ತು. ಹೆರಾಯಿನ್‌ಗೆ ಮೆಥಡೋನ್ ಇದ್ದಂತೆ ಕೊಕೇನ್‌ಗೆ ಔಷಧವಿರಲಿಲ್ಲ, ಒಪ್ಪಿತ ಔಷಧ ಇವತ್ತಿಗೂ ಇಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ ಆಜ್ರಿನ್ ಅವರ ವಿಧಾನಕ್ಕೆ ಒಂದು ಲೆಕ್ಕದ ಪುಸ್ತಕ ಸೇರಿಸಿದರು. ಅದಕ್ಕೆ ಕಂಟಿನ್ಜೆನ್ಸಿ ಮ್ಯಾನೇಜ್‌ಮೆಂಟ್ ಎಂದು ಹೆಸರು.

ಏರ್ಪಾಟು ಹೀಗಿತ್ತು. ವಾರಕ್ಕೆ ಮೂರು ದಿನ ಮೂತ್ರ ಪರೀಕ್ಷೆ. ಮೂರೇ ಯಾಕೆಂದರೆ ಕೊಕೇನ್‌ನ ಕುರುಹು ಮೂತ್ರದಲ್ಲಿ ಎರಡು ಮೂರು ದಿನ ಉಳಿಯುತ್ತದೆ. ನಡುವೆ ಯಾವಾಗ ಸೇದಿದ್ದರೂ ಸಿಕ್ಕಿಬೀಳುತ್ತದೆ. ಮೊದಲ ಪರೀಕ್ಷೆಯಲ್ಲಿ ಕೊಕೇನ್ ಇಲ್ಲದಿದ್ದರೆ ಎರಡೂವರೆ ಡಾಲರಿನ ವೋಚರ್. ಮುಂದಿನ ಪ್ರತಿ ಪರೀಕ್ಷೆಗೂ ಒಂದೂಕಾಲು ಡಾಲರ್ ಏರಿಕೆ. ಸತತ ಮೂರು ಸಲ ಸರಿಯಿದ್ದರೆ 10 ಡಾಲರ್ ಮೇಲೆ. ಒಂದೂ ತಪ್ಪದೆ ಬಂದವನಿಗೆ 12ನೇ ವಾರದ ಕೊನೆಯ ಪರೀಕ್ಷೆ ಒಂದಕ್ಕೇ ನಲವತ್ತಾರೂಕಾಲು ಡಾಲರ್. ಒಟ್ಟು ಸಾವಿರ ಡಾಲರಿಗೆ ಎರಡೂವರೆ ಕಡಿಮೆ. ಒಮ್ಮೆ ತಪ್ಪಿದರೆ ಬೆಲೆ ಮತ್ತೆ ಎರಡೂವರೆಗೆ ಇಳಿಯುತ್ತಿತ್ತು. ಬಿದ್ದವನನ್ನು ಹೊರಗೆ ಹಾಕುತ್ತಿರಲಿಲ್ಲ. ಸತತ ಐದು ಪರೀಕ್ಷೆ ಸರಿಯಾಗಿ ಬಂದರೆ ಬೀಳುವ ಮೊದಲು ಎಲ್ಲಿದ್ದನೋ ಅದೇ ಮಟ್ಟಕ್ಕೆ ಮರಳುತ್ತಿದ್ದ. ಚೊಕ್ಕಟವಾಗಿದ್ದ ದಿನಗಳು ಹೆಚ್ಚಿದಷ್ಟೂ ಕಳೆದುಕೊಳ್ಳುವುದು ಹೆಚ್ಚು. ಬಿದ್ದರೂ ಏಳುವುದಕ್ಕೆ ಕಾರಣ ಕೈಯಲ್ಲೇ ಇದೆ. ಲೆಕ್ಕದ ಜಾಣತನವೆಲ್ಲ ಈ ಎರಡು ನಿಯಮಗಳಲ್ಲಿತ್ತು.

ಕೈಗೆ ನಗದು ಕೊಡುತ್ತಿರಲಿಲ್ಲ. ಮೀನು ಹಿಡಿಯುವ ಪರವಾನಗಿ, ಸೈಕಲ್ಲಿನ ಸಾಮಾನು, ಯಾವುದಾದರೂ ಕೋರ್ಸಿನ ಫೀಸು ಹೀಗೆ ಬದುಕಿಗೆ ಕೊಂಡಿಯಾಗುವಂಥದ್ದನ್ನು ಸಿಬ್ಬಂದಿಯೇ ತಂದುಕೊಡುತ್ತಿದ್ದರು. 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಗ್ಗಿನ್ಸ್ ಅವರ ಚಿಕಿತ್ಸೆಯಲ್ಲಿ 24 ವಾರ ಪೂರೈಸಿದವರು ಶೇ 58. ಮಾಮೂಲಿ ಆಪ್ತಸಮಾಲೋಚನೆಯಲ್ಲಿ ಶೇ 11.

ಇಷ್ಟು ದುಡ್ಡು ಎಲ್ಲ ಆಸ್ಪತ್ರೆಗಳಿಗೂ ಎಲ್ಲಿಂದ ಬರಬೇಕು? ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ ಇದಕ್ಕೆ ಗಾಜಿನ ಬುಟ್ಟಿಯ ಉಪಾಯ ಹೂಡಿದರು. ಬುಟ್ಟಿಯಲ್ಲಿ 500 ಚೀಟಿಗಳಿದ್ದರೆ ಅರ್ಧದಷ್ಟರಲ್ಲಿ ಬರೀ ಶಭಾಷ್‌ಗಿರಿ. ಮಿಕ್ಕವುಗಳಲ್ಲಿ ಹೆಚ್ಚಿನವು ಒಂದು ಡಾಲರ್ ಬೆಲೆಯ ಸಣ್ಣ ಸಾಮಾನಿನವು, ಕೆಲವು 20 ಡಾಲರಿನವು, ಒಂದೇ ಒಂದು 100 ಡಾಲರಿನದು. ಪರೀಕ್ಷೆಯಲ್ಲಿ ಪಾಸಾದರೆ ಚೀಟಿ ಎತ್ತಬಹುದು. ಸತತವಾಗಿ ಪಾಸಾದಷ್ಟೂ ಎತ್ತುವ ಚೀಟಿಗಳು ಹೆಚ್ಚುತ್ತವೆ. ಯಾವಾಗ ಏನು ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಜೀವಿಯನ್ನು ಬಲವಾಗಿ ಹಿಡಿದಿಡುತ್ತದೆ ಎಂಬುದು ಸ್ಕಿನ್ನರ್ ಕಾಲದಿಂದ ಗೊತ್ತಿದ್ದ ವಿಷಯ. ಜೂಜುಕಟ್ಟೆ ಬಳಸುವ ಅದೇ ಸೂತ್ರವನ್ನು ಪೆಟ್ರಿ ಚಿಕಿತ್ಸೆಗೆ ತಂದರು. ಕುಡಿತಕ್ಕೆ ಬಿದ್ದ ಮಾಜಿ ಸೈನಿಕರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬುಟ್ಟಿಯಿದ್ದ ಗುಂಪಿನ ಶೇ 84 ಮಂದಿ ಎಂಟು ವಾರ ಪೂರೈಸಿದರು. ಇಲ್ಲದ ಗುಂಪಿನ ಶೇ 22 ಮಂದಿ. ಇದರಿಂದ ರೋಗಿಗಳಿಗೆ ಜೂಜಿನ ಚಟ ಹತ್ತುತ್ತದೆಯೇ ಎಂಬುದನ್ನೂ ಅವರೇ ಪರೀಕ್ಷಿಸಿ, ಹಾಗೆ ಆಗುತ್ತಿಲ್ಲವೆಂದು ತೋರಿಸಿದರು.

2011ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆ ಈ ವಿಧಾನವನ್ನು ತನ್ನ ಆಸ್ಪತ್ರೆಗಳಿಗೆ ತಂದಿತು; ಬಹುಮಾನಗಳಲ್ಲಿ ಅಲ್ಲಿನ ಕ್ಯಾಂಟೀನಿನ ಕೂಪನ್ ಕೂಡ ಉಂಟು. ಕ್ಯಾಲಿಫೋರ್ನಿಯಾ 2023ರಲ್ಲಿ ಬಡವರ ಸರ್ಕಾರಿ ವಿಮೆಯ ಮೂಲಕವೇ ವರ್ಷಕ್ಕೆ 599 ಡಾಲರ್‌ವರೆಗಿನ ಬಹುಮಾನ ಕೊಡಲು ಶುರುಮಾಡಿತು.

ಇದು ಲಂಚವಲ್ಲವೇ?

ಈ ಪ್ರಶ್ನೆ ಅಲ್ಲಿಯೂ ಎದ್ದಿತು, ಇಲ್ಲಿಯೂ ಏಳುತ್ತದೆ. ‘ಮಾಡಬೇಕಾದ್ದನ್ನು ಮಾಡಿದ್ದಕ್ಕೆ ದುಡ್ಡೇ? ನಾವು ಕುಡಿಯದೇ ಇರುವುದಕ್ಕೆ ಯಾರು ಕೊಡ್ತಾರೆ?’ ಲಂಚ ಎನ್ನುವುದು ತಪ್ಪು ಕೆಲಸ ಮಾಡಿಸಲು ಕೊಡುವಂಥದ್ದು. ಇಲ್ಲಿ ಕೊಡುವುದು ಪರೀಕ್ಷೆಯಲ್ಲಿ ದೃಢಪಟ್ಟ ಆರೋಗ್ಯಕ್ಕೆ. ಇನ್ನು ಎರಡನೆಯ ಪ್ರಶ್ನೆಗೆ ಉತ್ತರ: ನಮಗೂ ಸಿಗುತ್ತಿದೆ. ಕೆಲಸ, ಮರ್ಯಾದೆ, ಮಕ್ಕಳ ನಗು ನಮಗೆ ದಿನವೂ ಸಂದಾಯವಾಗುತ್ತಿವೆ. ವ್ಯಸನಿಯ ಬದುಕಿನಲ್ಲಿ ಈ ಬಾಗಿಲುಗಳು ಒಂದೊಂದಾಗಿ ಮುಚ್ಚಿರುತ್ತವೆ. ಅವು ತೆರೆಯುವವರೆಗೆ ವೋಚರು ಊರುಗೋಲು.

ಊರುಗೋಲನ್ನು ಕಿತ್ತುಕೊಂಡ ಮೇಲೆ? ನಿಜವಾದ ದೌರ್ಬಲ್ಯ ಇಲ್ಲಿದೆ. ಬಹುಮಾನ ನಿಂತ ಮೇಲೆ ಎರಡು ಗುಂಪುಗಳ ನಡುವಿನ ಅಂತರ ಕಿರಿದಾಗುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅದಕ್ಕೇ ವೋಚರಿನ ಜೊತೆ ಕೆಲಸ, ಸಂಸಾರ, ಹೊಸ ಸ್ನೇಹ ಕಟ್ಟುವ ಕೆಲಸ ಸಾಗಲೇಬೇಕು ಎಂದು ಹಿಗ್ಗಿನ್ಸ್ ಮೊದಲಿಂದ ಎರಡನ್ನೂ ಬೆಸೆದಿದ್ದರು. ಮದ್ಯದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಊದಿಸಿ ನೋಡುವ ಯಂತ್ರ ಕೆಲವು ಗಂಟೆಗಳ ಹಿಂದಿನ ಕುಡಿತವನ್ನಷ್ಟೇ ಹಿಡಿಯುತ್ತದೆ. ನಿನ್ನೆ ರಾತ್ರಿಯದನ್ನು ತಿಳಿಯಲು ಬೇರೆ ಬಗೆಯ ಮೂತ್ರ ಪರೀಕ್ಷೆ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ದೇಹದ್ದು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ಬೆವರು ಮಾತ್ರವಲ್ಲ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮೊದಲ ದಿನಗಳು ವೈದ್ಯರ ಕೈಯಲ್ಲೇ ಸಾಗಬೇಕು. ವರ್ತನೆಯ ಲೆಕ್ಕಾಚಾರ ಔಷಧಕ್ಕೆ ಬದಲಿಯಲ್ಲ, ಅದರ ಜೊತೆಗಾರ.

ಮನೆಯವರ ಪಾಲು

‘ಅವರು ಡಾಕ್ಟರ ಹತ್ರ ಬರಲ್ಲ ಅಂತಾರೆ, ಏನ್ ಮಾಡ್ಲಿ?’ ಎಂದು ಕೇಳುವ ಹೆಂಡತಿ, ತಾಯಿ ನಮ್ಮಲ್ಲಿ ಬಹಳ. ಆಜ್ರಿನ್ ಅವರ ವಿಧಾನವನ್ನು ರಾಬರ್ಟ್ ಮೇಯರ್ಸ್ ಇಂಥ ಮನೆಯವರಿಗಾಗಿ ತಿದ್ದಿ ಬೆಳೆಸಿದರು. ಅದಕ್ಕೆ ಕ್ರಾಫ್ಟ್ ಎಂಬ ಹೆಸರಿದೆ. 1999ರಲ್ಲಿ ಪ್ರಕಟವಾದ ನ್ಯೂ ಮೆಕ್ಸಿಕೋ ರಾಜ್ಯದ ಅಧ್ಯಯನದಲ್ಲಿ, ಈ ತರಬೇತಿ ಪಡೆದವರ ಪೈಕಿ ಶೇ 64 ಮಂದಿಯ ಮನೆಗಳಲ್ಲಿ ಒಲ್ಲೆನೆನ್ನುತ್ತಿದ್ದ ವ್ಯಸನಿ ಚಿಕಿತ್ಸೆಗೆ ಬಂದ. ಮನೆಯವರೆಲ್ಲ ಸೇರಿ ಎದುರು ನಿಲ್ಲಿಸಿ ಒತ್ತಾಯಿಸುವ ವಿಧಾನದಲ್ಲಿ ಇದು ಶೇ 30. ‘ನೀವು ನಿಮ್ಮನ್ನು ನೋಡಿಕೊಳ್ಳಿ, ಅವರನ್ನು ಬಿಡಿ’ ಎನ್ನುವ ವಿಧಾನದಲ್ಲಿ ಶೇ 13.

ತರಬೇತಿಯಲ್ಲಿ ಮೊದಲ ಪಾಠ ಸುರಕ್ಷತೆ. ಹೊಡೆತ ಬೀಳುವ ಮನೆಯಲ್ಲಿ ಯಾವ ತಂತ್ರಕ್ಕೂ ಮೊದಲು ಹೆಂಡತಿ ಎಲ್ಲಿಗೆ ಹೋಗಬಹುದು, ಯಾರಿಗೆ ಫೋನ್ ಮಾಡಬಹುದು ಎಂಬುದು ತೀರ್ಮಾನವಾಗಬೇಕು. ಎರಡನೆಯದು, ಕುಡಿತದ ಸಹಜ ಫಲಕ್ಕೆ ಅಡ್ಡ ನಿಲ್ಲದಿರುವುದು: ‘ಅವರಿಗೆ ಜ್ವರ’ ಎಂದು ಮಾಲೀಕನಿಗೆ ಸುಳ್ಳು ಹೇಳುವುದನ್ನು, ಬಾರಿನ ಸಾಲ ತೀರಿಸುವುದನ್ನು ನಿಲ್ಲಿಸುವುದು. ಮೂರನೆಯದು ಕಷ್ಟದ್ದು. ಅವನು ಕುಡಿಯದೆ ಬಂದ ಸಂಜೆ ಹೆಂಡತಿಯ ಎದೆಯಲ್ಲಿ ತಿಂಗಳ ಸಿಟ್ಟು ತುಂಬಿರುತ್ತದೆ. ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿರುವುದು ಅವತ್ತೊಂದೇ ದಿನವಾದ್ದರಿಂದ ಲೆಕ್ಕವೆಲ್ಲ ಅಂದೇ ಚುಕ್ತಾ ಆಗುತ್ತದೆ. ಫಲವಾಗಿ, ಕುಡಿದು ಬಂದರೆ ಮೌನ, ಕುಡಿಯದೆ ಬಂದರೆ ಬೈಗುಳ! ತರಬೇತಿ ಇದನ್ನು ತಿರುಗಿಸುತ್ತದೆ. ಕುಡಿಯದ ಸಂಜೆ ಜೊತೆಗೆ ಊಟ, ಮಗಳ ಮಾರ್ಕ್ಸ್ ಕಾರ್ಡು, ‘ನೀನು ಹೀಗೆ ಬಂದರೆ ಮನೆ ಮನೆ ಅನ್ನಿಸ್ತದೆ’ ಎಂಬ ಒಂದು ಮಾತು. ಕುಡಿದು ಬಂದರೆ ಜಗಳವಿಲ್ಲ, ಉಪಚಾರವೂ ಇಲ್ಲ. ತಾನು ಬೇರೆ ಕೋಣೆಗೆ. ಇದು ಅವಳ ತಪ್ಪಿನಿಂದ ಅವನು ಕುಡಿದ ಎಂಬ ಆರೋಪವಲ್ಲ. ಕೈಲಿ ಏನೂ ಉಳಿದಿಲ್ಲ ಎಂದುಕೊಂಡವಳಿಗೆ ಕೈಲಿರುವುದನ್ನು ತೋರಿಸುವ ಕೆಲಸ.

ನಮ್ಮ ನೆಲದಲ್ಲಿ

ಈ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಸಂಗಾತ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರ ಮಟ್ಟದಲ್ಲಿ ಕುಡಿಯುವ ಗಂಡಸರೊಂದಿಗೆ ಕೆಲಸ ಮಾಡಿತು. ಸಲಹೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಬಹುಮಾನವಿಲ್ಲದಿದ್ದರೂ ಕುಡಿಯಲು ಒತ್ತಾಯಿಸಿದಾಗ ನಿರಾಕರಿಸುವುದು, ಕಷ್ಟದ ಭಾವನೆಗಳನ್ನು ನಿಭಾಯಿಸುವುದು ಮುಂತಾದ ವರ್ತನಾ ಕೌಶಲಗಳನ್ನು ಅವರು ಕಲಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಮೂರು ತಿಂಗಳ ಬಳಿಕ ಹಾನಿಕರ ಕುಡಿತದಿಂದ ಹೊರಬಂದವರು ಶೇ 36. ಮಾಮೂಲಿ ಆರೈಕೆಯಲ್ಲಿ ಶೇ 26. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊಬೈಲ್, ಗೇಮ್‌ಗಳ ಅತಿಬಳಕೆಗಾಗಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆದರೂ ಹಾದಿ ದೂರವಿದೆ. ದೆಹಲಿಯ ಏಮ್ಸ್ ನೇತೃತ್ವದ ಸಮೀಕ್ಷೆ 2019ರಲ್ಲಿ ಹೇಳಿದ ಪ್ರಕಾರ ಮದ್ಯದ ಸಮಸ್ಯೆಗೆ ನೆರವು ಬೇಕಾದ ಭಾರತೀಯರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಯಾಕೆ ಹೀಗೆ ಎಂದು ಕೇಳುವವರು ಮೂರು ಕಲಮಿನ ಹಾಳೆಯಲ್ಲಿ ಮೇಸ್ತ್ರಿಯ ಹೆಸರು ಅಳಿಸಿ ಸರ್ಕಾರದ ಹೆಸರು ಬರೆದು ನೋಡಬಹುದು. ಮೊದಲ ಕಲಮಿನಲ್ಲಿ ಬೊಕ್ಕಸದ ಒತ್ತಡ. ಎರಡನೆಯದರಲ್ಲಿ ಅಂಗಡಿ ಪರವಾನಗಿ, ಪ್ರತಿ ವರ್ಷ ಏರುವ ಮಾರಾಟದ ಗುರಿ. ಮೂರನೆಯದರಲ್ಲಿ, ತಕ್ಷಣ ಸಿಗುವುದು ಅಬಕಾರಿ ಆದಾಯ. ಕರ್ನಾಟಕದಲ್ಲಿ ಅದು ಈಚಿನ ವರ್ಷಗಳಲ್ಲಿ 30 ಸಾವಿರ ಕೋಟಿ ರೂಪಾಯಿ ದಾಟಿದೆ. ಆಮೇಲೆ ತೆರಬೇಕಾದ್ದು ಆಸ್ಪತ್ರೆ, ಅಪಘಾತ, ಒಡೆದ ಸಂಸಾರ. ಇದು ಇನ್ನಾವುದೋ ಇಲಾಖೆಯ, ಇನ್ನಾವುದೋ ವರ್ಷದ ಖರ್ಚು. ಒಬ್ಬ ಮನುಷ್ಯ ಕುಡಿಯದೇ ಕಳೆದ ದಿನಕ್ಕೆ ಸರ್ಕಾರಕ್ಕೆ ಬರುವುದು ಸೊನ್ನೆ. ಇಂಥ ಏರ್ಪಾಟಿನಲ್ಲಿ ಯಾರೇ ಆಗಲಿ ಬದಲಾಗುವುದು ಕಷ್ಟ. ಉಪದೇಶ ಇಲ್ಲಿಯೂ ನಾಟುವುದಿಲ್ಲ. ಅಬಕಾರಿ ಆದಾಯದಲ್ಲಿ ಒಂದು ಪಾಲು ಆಯಾ ಜಿಲ್ಲೆಯ ಚಿಕಿತ್ಸೆಗೆ ಕಡ್ಡಾಯವಾಗಿ ಹೋಗಲಿ. ಎಷ್ಟು ಪೆಟ್ಟಿಗೆ ಮಾರಾಟವಾಯಿತೆಂದು ತಿಂಗಳು ತಿಂಗಳು ಲೆಕ್ಕ ಕೇಳುವ ಹಾಗೆ, ಎಷ್ಟು ಜನ ಚಿಕಿತ್ಸೆಗೆ ಬಂದರು, ಆರು ತಿಂಗಳ ನಂತರ ಎಷ್ಟು ಜನ ಉಳಿದರು ಎಂದೂ ಜಿಲ್ಲಾಡಳಿತವನ್ನು ಕೇಳಲಿ. ಫಲ ಬದಲಾದರೆ ವರ್ತನೆ ಬದಲಾಗುತ್ತದೆ ಎಂಬ ನಿಯಮ ವಿಧಾನಸೌಧಕ್ಕೂ ಅನ್ವಯಿಸುತ್ತದೆ.